ಪ್ರಶ್ನೆ ಇಡಿಸುವ ಮೊದಲು

ಮಕ್ಕಳ ಕೈಯಲ್ಲಿ ತಾವೇ ಮಾಡಿಕೊಂಡ ಗಾಯದ ಗುರುತು ಕಂಡರೆ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಎರಡು ಮಾತು ಕೇಳಿಬರುತ್ತದೆ. 'ಏನೋ ಗಾಳಿ ಸೋಂಕಿದೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುವಾ' ಎಂಬುದೊಂದು. 'ಎಲ್ಲ ನಾಟಕ' ಎಂಬುದು ಇನ್ನೊಂದು. ಎರಡನೆಯದಕ್ಕೇ ನನಗೆ ಹೆಚ್ಚು ಸಿಟ್ಟು. ನಾಟಕಕ್ಕೆ ನೋಡುವವರು ಬೇಕಲ್ಲ? ಮೇ ತಿಂಗಳ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ, ತೋಳನ್ನು ಬೆರಳ ಗಂಟಿನವರೆಗೆ ಎಳೆದುಕೊಂಡು ಊಟಕ್ಕೆ ಕೂರುವವಳು ಯಾರಿಗೆ ತೋರಿಸುತ್ತಿದ್ದಾಳೆ?

ಹೀಗೆ ಮಾಡಿಕೊಂಡವರಲ್ಲಿ ಹೆಚ್ಚಿನವರು ಹೇಳುವುದು ಇಷ್ಟೇ: ಸಂಕಟ ತಡೆಯಲಾಗಲಿಲ್ಲ, ಆಮೇಲೆ ಸ್ವಲ್ಪ ತಗ್ಗಿತು. ಇದು ನೆಪವಲ್ಲ, ನರಮಂಡಲದ ಗುಣ. ಅಡಿಕೆ ಗೋಣಿ ಹೊತ್ತು ಗುಡ್ಡ ಹತ್ತಿದವನಿಗೆ ಜಗಲಿಯಲ್ಲಿ ಇಳಿಸಿದ ಕೂಡಲೇ, ಹೊರುವ ಮೊದಲಿಗಿಂತಲೂ ಮೈ ಹಗುರ ಅನಿಸುತ್ತದೆ. ನೋವು ನಿಂತಾಗ ಮನಸ್ಸಿಗೂ ಹಾಗೆಯೇ. ಎಂದೂ ಗಾಯ ಮಾಡಿಕೊಳ್ಳದವರಲ್ಲೂ ಪ್ರಯೋಗಾಲಯದಲ್ಲಿ ಇದು ಕಂಡಿದೆ. ಮೆದುಳು ಅಫೀಮಿನಂಥ ನೋವುಶಾಮಕವನ್ನು ತಾನೇ ತಯಾರಿಸುತ್ತದೆ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಹಂದಿಯ ಮೆದುಳಿನಿಂದ ಬೇರ್ಪಡಿಸಿದ ಎನ್ಕೆಫಲಿನ್ ಅಂಥದ್ದು. ಈ ಹಗುರದಲ್ಲಿ ಅವಕ್ಕೂ ಪಾಲಿರಬಹುದು ಎಂಬ ವಾದವಿದೆ. ಆದರೆ ಹಗುರ ಬೇಗ ಕರಗುತ್ತದೆ, ನಾಚಿಕೆ ಉಳಿಯುತ್ತದೆ, ಆ ನಾಚಿಕೆಯೇ ಮುಂದಿನ ಸಂಕಟಕ್ಕೆ ಕಾರಣ. ಮೆದುಳು ಮಾತ್ರ ಹಗುರವನ್ನಷ್ಟೇ ನೆನಪಿಟ್ಟುಕೊಂಡು ಚಟ ಹಿಡಿಸುತ್ತದೆ. ಸಾಯುವ ಉದ್ದೇಶವಿಲ್ಲದೆ ಶುರುವಾದದ್ದೂ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚಿಸುತ್ತದೆ.

ಸಂಕಟ ಇಳಿಸಲು ಗಾಯವೇ ಆಗಬೇಕಿಲ್ಲ. ಬಾತುಕೋಳಿಯನ್ನು ನೀರಲ್ಲಿ ಮುಳುಗಿಸಿದರೆ ಅದರ ಎದೆಬಡಿತ ನಿಧಾನವಾಗುವುದನ್ನು ಫ್ರಾನ್ಸಿನ ಪಾಲ್ ಬೆರ್ 1870ರಲ್ಲೇ ಬರೆದಿದ್ದ. ನಮಗೂ ಅದೇ ಪ್ರತಿವರ್ತನೆ ಇದೆ. ಉಸಿರು ಹಿಡಿದು, ಕಣ್ಣು, ಹಣೆ, ಕೆನ್ನೆಗೆ ತಣ್ಣನೆಯ ಒದ್ದೆ ಬಟ್ಟೆ ಒತ್ತಿದರೆ ಮುಖದ ನರ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ವೇಗಸ್ ನರ ಹೃದಯದ ಓಟ ತಗ್ಗಿಸುತ್ತದೆ. ಅರ್ಧ ನಿಮಿಷ ಸಾಕು. ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗದ ನೀರು ಎಷ್ಟೇ ತಂಪೆಂದರೂ ಇದಕ್ಕೆ ಸಾಲದು, ಬಟ್ಟೆ ಅದ್ದುವ ನೀರಿಗೆ ಫ್ರಿಜ್ಜಿನ ಐಸ್ ಹಾಕಿಕೊಳ್ಳಿ. ಹೃದಯದ ತೊಂದರೆ ಇರುವವರು, ಊಟ ಬಿಟ್ಟು ಸೊರಗಿದವರು ವೈದ್ಯರನ್ನು ಕೇಳದೆ ಮಾಡಬಾರದು.

ಸಂಕಟವನ್ನು ಸಂಭಾಳಿಸುವುದನ್ನು ಕಲಿಸುವ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮನೋಚಿಕಿತ್ಸೆಯಲ್ಲಿ ಇದನ್ನೂ ಹೇಳಿಕೊಡುತ್ತಾರೆ. ಅದನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ಹದಿಹರೆಯದಲ್ಲಿ ತಾನೂ ಹೀಗೆ ಮಾಡಿಕೊಂಡು ಆಸ್ಪತ್ರೆಯಲ್ಲಿದ್ದೆ ಎಂದು 2011ರಲ್ಲಿ ಬಹಿರಂಗವಾಗಿ ಹೇಳಿದರು. ತಣ್ಣೀರು ಆ ಹೊತ್ತನ್ನು ದಾಟಿಸುತ್ತದೆ ಅಷ್ಟೆ. ಸಂಕಟದ ಮೂಲ ಹುಡುಕಲು ಚಿಕಿತ್ಸೆಯೇ ಬೇಕು.

ಮನೆಯವರು ಮೊದಲು ಗಾಯ ತೊಳೆದು ಕಟ್ಟಲಿ, ಬೈಗುಳ ಬೇಡ. 'ಸಾಯಬೇಕು ಅನಿಸ್ತದಾ?' ಎಂದು ನೇರವಾಗಿಯೇ ಕೇಳಬಹುದು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಉಚಿತ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಇದೆ. ಮಲಯಾಳ ಬಾರದವರು ಹಿಂಜರಿಯಬೇಕಿಲ್ಲ, ಟೆಲಿ ಮಾನಸ್‌ನಲ್ಲಿ ಕನ್ನಡವೂ ಇದೆ.