ಮಗನನ್ನು ಕೇಳದೇ ಕಿವಿಯ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಅಕ್ಕಾರ, ನಮ್ಮದು ಜಮಖಂಡಿ ಕಡೆ ಹಳ್ಳಿ. ಮಗನಿಗೆ ಒಂದೂವರೆ ವರ್ಷ, ಹುಟ್ಟಿದಾಗಿನಿಂದ ಕಿವಿ ಕೇಳಂಗಿಲ್ಲ. ಡಾಕ್ಟರು ಕಾಕ್ಲಿಯರ್ ಇಂಪ್ಲಾಂಟ್, ಅಂದ್ರ ಶಬ್ದ ಕೇಳಸಂಗ ಒಳಕಿವಿಯಾಗ ಕೂಡಿಸೋ ಯಂತ್ರ, ಹಾಕಿಸ್ರಿ ಅಂತಾರ. ಅತ್ತಿಯವರು ‘ದೇವರು ಕೊಟ್ಟಂಗ ಇರಲಿ, ಕೂಸಿನ ತಲಿ ಕೊರಸಬ್ಯಾಡ್ರಿ’ ಅಂತಾರ. ನಾಳೆ ಅಂವ ದೊಡ್ಡಾಂವ ಆಗಿ ‘ನನ್ನ ಕೇಳದ ಯಾಕ ಮಾಡಿಸಿದ್ರಿ’ ಅಂದ್ರ ಏನ್ ಹೇಳ್ಲಿ?

ಉತ್ತರ: ತಂಗಿ, ಹೆಚ್ಚಿನವರು ಖರ್ಚು ಎಷ್ಟು ಅಂತ ಮೊದಲು ಕೇಳುತ್ತಾರೆ. ನೀವು ಮಗನ ಮನಸ್ಸಿನ ಬಗ್ಗೆ ಕೇಳಿದ್ದೀರಿ. ಹಾಗಾಗಿ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ.

‘ದೊಡ್ಡವನಾಗಲಿ, ಅವನೇ ತೀರ್ಮಾನ ಮಾಡಲಿ’ ಅನ್ನಬಹುದಿತ್ತು. ಕೈಗೆ ಆರನೇ ಬೆರಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಕೇಳಿದ ಶಬ್ದವನ್ನು ಮಾತು ಅಂತ ಗುರುತಿಸಲು ಮಿದುಳು ಕಲಿಯುವುದು ಮುಖ್ಯವಾಗಿ ಮೊದಲ ಮೂರ್ನಾಲ್ಕು ವರ್ಷಗಳಲ್ಲಿ. ಹುಟ್ಟಿನಿಂದ ಕಿವಿ ಕೇಳದವರಿಗೆ ಹದಿನೆಂಟಕ್ಕೆ ಇಂಪ್ಲಾಂಟ್ ಹಾಕಿದರೆ ಶಬ್ದ ಕೇಳಿಸೀತು, ಮಾತು ತಿಳಿಯುವುದು ಬಹಳ ಕಷ್ಟ. ಅಂದರೆ ಸುಮ್ನೆ ಕೂತರೂ ಅವನ ಪರವಾಗಿ ನೀವೇ ತೀರ್ಮಾನ ಮಾಡಿದಂತೆ. ಹನ್ನೆರಡು ತುಂಬದ ಮಗುವಿನ ಒಳ್ಳೆಯದಕ್ಕಾಗಿ ತಂದೆ-ತಾಯಿ ಒಪ್ಪಿಗೆ ಕೊಡುವುದನ್ನು ಕಾನೂನೂ ಮಾನ್ಯ ಮಾಡುತ್ತದೆ.

ಅತ್ತೆಯವರ ಹೆದರಿಕೆಗೆ ಒಂದು ಮಾತು. ಇದರಲ್ಲಿ ಮಿದುಳಿಗೆ ಕೈ ಹಚ್ಚುವುದಿಲ್ಲ. ಕಿವಿಯ ಹಿಂದಿನ ಎಲುಬಿನಲ್ಲಿ ಸಣ್ಣ ದಾರಿ ಮಾಡಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಳಕಿವಿಯೊಳಗೆ ತೆಳ್ಳನೆಯ ತಂತಿ ಇಡುತ್ತಾರೆ. ಹೊರಗೆ ಶಬ್ದ ಹಿಡಿದು ಒಳಗೆ ಕಳಿಸುವ ಒಂದು ಮಷಿನ್, ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಅಪಾಯ ಇಲ್ಲವೇ ಇಲ್ಲ ಅನ್ನಲಾರೆ. ಆ ಕಿವಿಯಲ್ಲಿ ಅಲ್ಪಸ್ವಲ್ಪ ಉಳಿದಿದ್ದ ಶ್ರವಣ ಹೋಗಬಹುದು. ಮೆದುಳು ಜ್ವರದ ಭಯ ಸ್ವಲ್ಪ ಜಾಸ್ತಿ, ಅದಕ್ಕೇ ಮೊದಲೇ ಲಸಿಕೆ ಹಾಕಿಸುತ್ತಾರೆ.

ಇದಕ್ಕೆ ಅಡ್ಡ ನಿಂತವರೂ ಇದ್ದಾರೆ, ಅವರು ಹಟಮಾರಿಗಳಲ್ಲ. ಅಮೆರಿಕದಲ್ಲಿ 1990ರಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ಇದಕ್ಕೆ ಅನುಮತಿ ಸಿಕ್ಕಿತು. ಮರುವರ್ಷವೇ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ವಿರೋಧಿಸಿತು. ನಮ್ಮದು ರೋಗವಲ್ಲ, ನಮಗೊಂದು ಸನ್ನೆ ಭಾಷೆ ಇದೆ, ನಮ್ಮದೇ ಸಮುದಾಯ ಇದೆ ಅನ್ನುವುದು ಅವರ ವಾದ. 2000ದಲ್ಲಿ ಸಂಘ ತನ್ನ ನಿಲುವನ್ನು ಸಡಿಲಿಸಿತು. ಆದರೂ ಭಾಷೆಯ ಮಾತಿನಲ್ಲಿ ನಾನು ಅವರ ಕಡೆ. ‘ಸನ್ನೆ ಮಾಡಬೇಡಿ, ಮಾತು ಬರಲ್ಲ’ ಅಂತ ಹೆದರಿಸುವವರು ಸಿಗುತ್ತಾರೆ. ಕೇಳಬೇಡಿ. ಇಂಪ್ಲಾಂಟ್ ಹಾಕಿದ ಎಲ್ಲ ಮಕ್ಕಳಿಗೂ ಮಾತು ಒಂದೇ ಸಮ ಬರುವುದಿಲ್ಲ. ಮಾತೂ ಬರದೆ, ಸನ್ನೆಯನ್ನೂ ಕಲಿಸದೆ ಬಿಟ್ಟ ಮಗು ಐದು ವರ್ಷವಾದರೂ ನೋವು ಎಲ್ಲಿ ಅಂತ ಹೇಳಲಾರದು. ನನ್ನ ಮಟ್ಟಿಗೆ ತಪ್ಪು ಅಂದರೆ ಅದು. ಭಾರತೀಯ ಸಂಕೇತ ಭಾಷೆಯ ಹತ್ತು ಸಾವಿರ ಪದಗಳ ನಿಘಂಟು ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ನೋಡಬಹುದು. ಆಪರೇಷನ್ ದಿನದವರೆಗೆ ಕಾಯದೆ ಇವತ್ತೇ ಶುರು ಮಾಡಿ.

ಹಾಗಾದರೆ ಹಾಕಿಸಲಾ? ನಾನಾದರೆ ಹಾಕಿಸುತ್ತಿದ್ದೆ. ಆದರೆ ಮೊದಲು ಮನೆಯವರನ್ನು ಕೂರಿಸಿ ಕೇಳುತ್ತಿದ್ದೆ: ಮಾತು ಕಲಿಸುವ ಥೆರಪಿಗೆ ವಾರ ವಾರ ಯಾರು ಕರೆದುಕೊಂಡು ಹೋಗುತ್ತೀರಿ? ಆಪರೇಷನ್ ಕೆಲವು ತಾಸಿನ ಕೆಲಸ. ಕೆಲ ವಾರ ಬಿಟ್ಟು ಮಷಿನ್ ಚಾಲೂ ಮಾಡುತ್ತಾರೆ. ಆಮೇಲೆ ವರ್ಷಗಟ್ಟಲೆ ಮಾತು ಕಲಿಸಬೇಕು. ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಡುವ ಮನೆಗೆ ಇದು ಸಣ್ಣ ಪ್ರಶ್ನೆಯಲ್ಲ. ಬ್ಯಾಟರಿ, ವೈರ್ ಖರ್ಚೂ ನಿಲ್ಲುವುದಿಲ್ಲ. ಇಂಥ ಮಕ್ಕಳ ಇಂಪ್ಲಾಂಟ್‌ಗೆ ನೆರವು ಕೊಡುವ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಬಗ್ಗೆ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ವಯಸ್ಸಿನ ಮಿತಿ ಇದೆ, ತಡ ಮಾಡಬೇಡಿ.

ಇನ್ನು ಮಗ ಕೇಳಿದರೆ ಇದ್ದದ್ದು ಇದ್ದಂಗೆ ಹೇಳಿ: ‘ಹೊರಗಿನ ಮಷಿನ್ ನೀನು ಯಾವಾಗ ಬೇಕಾದರೂ ತೆಗೆದಿಡಬಹುದು. ಹೋದ ವಯಸ್ಸನ್ನು ಮಾತ್ರ ನಾವು ತಂದುಕೊಡಲು ಆಗುತ್ತಿರಲಿಲ್ಲ.’ ನಿಜವಾಗಿ ತೆಗೆದಿಟ್ಟ ಅನ್ನಿ, ಬೈಯಬೇಡಿ. ಅವನ ಜೊತೆ ಸನ್ನೆಯಲ್ಲೇ ಮಾತಾಡಿ. ದಿನವಿಡೀ ಕೂಸು ಇರುವುದು ಅತ್ತೆಯವರ ಮಡಿಲಲ್ಲೇ ಅಲ್ವಾ? ನೀರು, ಊಟ, ನೋವು, ಈ ಮೂರು ಸನ್ನೆ ಮೊದಲು ಅವರಿಗೆ ಕಲಿಸಿ.