ಒನ್‌ವೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಸೈಕಲ್: ಹೋಗಬಹುದಾ, ಯಾವ ಪಕ್ಕ ಹೋಗಬೇಕು?

ಪ್ರಶ್ನೆ: ಓದೋಕೆ ಅಂತ ಜರ್ಮನಿಗೆ ಬಂದಿದ್ದೇನೆ, ಈಗಷ್ಟೇ ಸೈಕಲ್ ಕೊಂಡೆ. ಇಲ್ಲಿ ಒನ್‌ವೇ ರಸ್ತೆಗಳಲ್ಲಿ ಜನ ಆರಾಮಾಗಿ ಎದುರಿನಿಂದ ಸೈಕಲ್ ತುಳಿದುಕೊಂಡು ಬರುತ್ತಾರೆ. ಕಾರಿನವರು ಬೈಯುವುದೂ ಇಲ್ಲ. ನಾನೂ ಹಾಗೆ ಹೋಗಬಹುದಾ? ಹೋದರೆ ಯಾವ ಪಕ್ಕ?

ಹೋಗಬಹುದು. ಆದರೆ ಎಲ್ಲ ಒನ್‌ವೇನಲ್ಲೂ ಅಲ್ಲ, ಬೋರ್ಡ್ ಇರುವ ಕಡೆ ಮಾತ್ರ. ಹೋಗುವಾಗ ಬಲಪಕ್ಕಕ್ಕೆ ಇರಿ, ಅಂದರೆ ನೀವು ಮುಂದೆ ನೋಡುತ್ತಿರುವಾಗ ನಿಮ್ಮ ಬಲ.

ಮೊದಲು ಬೋರ್ಡ್ ವಿಷಯ. ಕೆಂಪು ವೃತ್ತದಲ್ಲಿ ಬಿಳಿ ಪಟ್ಟಿ ಇರುವ ನೋ ಎಂಟ್ರಿ ಬೋರ್ಡ್ ಗೊತ್ತಲ್ವಾ, ಅದರ ಕೆಳಗೆ ಸೈಕಲ್ ಚಿತ್ರವೂ ‘ಫ್ರೈ’ (frei, ಅಂದರೆ ಮುಕ್ತ) ಅನ್ನುವ ಪದವೂ ಇರುವ ಸಣ್ಣ ಬಿಳಿ ಫಲಕ ಇದ್ದರೆ ಆ ನಿಷೇಧ ಸೈಕಲ್‌ಗೆ ಇಲ್ಲ ಅಂತ. ರಸ್ತೆಯ ಇನ್ನೊಂದು ತುದಿಯಲ್ಲಿ, ಕಾರುಗಳು ಒಳಗೆ ಬರುವ ಕಡೆ, ನೀಲಿ ಒನ್‌ವೇ ಬೋರ್ಡ್‌ನ ಕೆಳಗೆ ಸೈಕಲ್ ಮತ್ತು ಎರಡು ದಿಕ್ಕಿನ ಬಾಣ ಹಾಕಿರುತ್ತಾರೆ. ಎದುರಿನಿಂದ ಸೈಕಲ್ ಬರುತ್ತೆ ಅಂತ ಡ್ರೈವರ್‌ಗೆ ಅಲ್ಲೇ ಹೇಳಿಬಿಟ್ಟಿರುತ್ತಾರೆ, ಅದಕ್ಕೇ ಅವರು ಬೈಯುವುದಿಲ್ಲ. ಸಣ್ಣ ಫಲಕ ಇಲ್ಲದ ರಸ್ತೆಗೆ ನುಗ್ಗಿದರೆ 20 ಯೂರೋ ದಂಡ, ಯಾರಿಗಾದರೂ ಅಡ್ಡಿಯೋ ಅಪಾಯವೋ ಆದರೆ ಇನ್ನೂ ಜಾಸ್ತಿ. ಒಂದು ಕ್ರಾಸ್‌ವರೆಗೆ ಅನುಮತಿ ಇದ್ದು ಮುಂದಿನ ತುಂಡಿಗೆ ಇಲ್ಲದೇ ಇರಬಹುದು. ಮುಂದೆ ಹೋಗುವವರ ಹಿಂದೆ ಸುಮ್ನೆ ಹೋಗಬೇಡಿ, ಪ್ರತಿ ಕ್ರಾಸ್‌ನಲ್ಲೂ ತಲೆ ಎತ್ತಿ ಬೋರ್ಡ್ ನೋಡಿ.

ಇದು 1997ರಲ್ಲಿ ಪ್ರಯೋಗ ಅಂತ ಶುರುವಾಗಿದ್ದು, 2001ರಿಂದ ಖಾಯಂ ಆಯಿತು. ವೇಗದ ಮಿತಿ 30 ಕಿ.ಮೀ.ಗಿಂತ ಹೆಚ್ಚಿಲ್ಲದ, ಎದುರುಬದುರು ಆದಾಗ ದಾಟುವಷ್ಟು ಅಗಲ ಇರುವ ರಸ್ತೆಗಳನ್ನು ಮಾತ್ರ ಹೀಗೆ ತೆರೆಯುತ್ತಾರೆ.

ಈಗ ಪಕ್ಕದ ವಿಷಯ. ನಮ್ಮ ಕಡೆಯಿಂದ ಬಂದವರಿಗೆ ನಿಜವಾದ ಅಪಾಯ ಇಲ್ಲೇ ಇರುವುದು. ಹುಟ್ಟಿದಾಗಿನಿಂದ ಎಡಗಡೆ ಹೋಗಿ ರೂಢಿ. ಸಾಲಾಗಿ ಕಾರು ಬರುವ ರಸ್ತೆಯಲ್ಲಿ ಅವರನ್ನು ನೋಡಿಕೊಂಡು ಸರಿಯಾಗೇ ಹೋಗುತ್ತೇವೆ, ಖಾಲಿ ರಸ್ತೆಯಲ್ಲಿ ಮೈಮರೆತು ಎಡಕ್ಕೆ ವಾಲುತ್ತೇವೆ, ಅಷ್ಟರಲ್ಲಿ ಎದುರಿಗೆ ಕಾರು ಬಂದರೆ ನೀವು ಎಡಕ್ಕೆ, ಅವರು ಅವರ ಬಲಕ್ಕೆ, ಅಂದರೆ ಇಬ್ಬರೂ ಒಂದೇ ಕಡೆಗೆ. ಆದ್ದರಿಂದ ರಸ್ತೆ ಖಾಲಿ ಇದ್ದರೂ ಬಲಪಕ್ಕ ಬಿಡಬೇಡಿ.

ಬಲಪಕ್ಕದಲ್ಲಿ ನಿಲ್ಲಿಸಿರುವ ಕಾರುಗಳ ಬಗ್ಗೆ ಹೆದರಿಕೆ ಇರುತ್ತೆ, ಬಾಗಿಲು ಫಟ್ ಅಂತ ತೆರೆದರೆ ಅಂತ. ನೋಡಿ, ಆ ಕಾರುಗಳ ಮುಖ ನಿಮ್ಮ ಕಡೆಗೇ ಇರುತ್ತೆ. ಹೊರಡಲು ಕೂತಿರುವ ಡ್ರೈವರ್‌ಗೆ ನೀವು ಗಾಜಿನಿಂದ ನೇರವಾಗಿ ಕಾಣುತ್ತೀರಿ. ಬಾಗಿಲಿನ ಕೀಲು ಮುಂದುಗಡೆ ಇರುವುದರಿಂದ ತಗುಲಿದರೂ ಬಾಗಿಲು ಮುಚ್ಚುವ ಕಡೆಗೆ ಹೋಗುತ್ತೆ, ಅದರ ಅಂಚು ನಿಮಗೆ ಚುಚ್ಚುವುದಿಲ್ಲ. ಹಾಗಿದ್ದರೂ ಒಂದು ಬಾಗಿಲಿನಷ್ಟು ಜಾಗ ಬಿಟ್ಟೇ ಹೋಗಿ.

ಕೆಲವು ರಸ್ತೆಗಳಲ್ಲಿ ಎದುರು ಹೋಗುವ ಸೈಕಲ್‌ಗೆ ಅಂತಲೇ ಒಂದು ಪಟ್ಟೆ ಬಳಿದಿರುತ್ತಾರೆ. ಅದು ಎದುರು ಹೋಗುವವರಿಗೆ ಮಾತ್ರ. ಕಾರುಗಳ ದಿಕ್ಕಿನಲ್ಲೇ ಹೋಗುತ್ತಿದ್ದರೆ ನೀವು ಕಾರುಗಳ ಜೊತೆ ರಸ್ತೆಯಲ್ಲೇ ಹೋಗಬೇಕು. ‘ಸೈಕಲ್ ಲೇನ್ ತಾನೇ’ ಅಂತ ಆ ಪಟ್ಟೆಗೆ ಇಳಿದರೆ ಎದುರಿನ ಸೈಕಲ್‌ನವರು ನಿಮ್ಮಿಂದಾಗಿ ಕಾರಿನ ಮುಂದಕ್ಕೆ ಹೋಗಬೇಕಾಗುತ್ತೆ. ಇದನ್ನು ದಯವಿಟ್ಟು ಮಾಡಬೇಡಿ. ಸಮಯ ಉಳಿಯುವುದು ಒಂದೆರಡು ಸೆಕೆಂಡ್, ಅಪಾಯ ಇನ್ನೊಬ್ಬರಿಗೆ.

ರಸ್ತೆ ಇಕ್ಕಟ್ಟಾದರೆ? ಕಸದ ಲಾರಿಯೋ ಪಾರ್ಸೆಲ್ ವ್ಯಾನೋ ನಿಮ್ಮ ಪಕ್ಕ ನಿಂತಿದ್ದರೆ ನೀವು ಕಾಯಬೇಕು, ಅವರ ಪಕ್ಕ ನಿಂತಿದ್ದರೆ ಕಾರಿನವರು ಕಾಯಬೇಕು. ಎರಡೂ ಕಡೆ ಕಾರು ನಿಂತು ನಡುವೆ ಒಂದೇ ಗಾಡಿಗೆ ಜಾಗ ಇದ್ದರೆ ಯಾರಿಗೆ ಹತ್ತಿರದಲ್ಲಿ ಸಂದು ಸಿಗುತ್ತೋ ಅವರು ಒಳಗೆ ಸರಿದು ಬಿಡುತ್ತಾರೆ, ದಾಟುವಾಗ ಒಂದು ಕೈ ಎತ್ತುತ್ತಾರೆ. ಡ್ರೈವರ್ ಕಣ್ಣು ನಿಮ್ಮ ಮೇಲೆ ಬಿದ್ದಿದೆ ಅಂತ ಖಾತ್ರಿಯಾಗುವವರೆಗೆ ನುಗ್ಗಬೇಡಿ. ಕತ್ತಲಾದ ಮೇಲೆ ಮುಂದಿನ ಲೈಟ್ ಇಲ್ಲದೆ ಇಂಥ ರಸ್ತೆಗೆ ಬರಲೇಬೇಡಿ.

ಕ್ರಾಸ್‌ಗಳಲ್ಲಿ ಜಾಸ್ತಿ ಹುಷಾರು. ಬೋರ್ಡೋ ಸಿಗ್ನಲ್ಲೋ ಇಲ್ಲದ ಕಡೆ ಬಲಗಡೆಯಿಂದ ಬರುವವರು ಮೊದಲು ಅನ್ನುವುದು ಜರ್ಮನಿಯ ರೂಲು, ಎದುರು ಹೋಗುವ ಸೈಕಲ್‌ಗೂ ಅದೇ. ನಿಮ್ಮ ಎಡದ ಅಡ್ಡರಸ್ತೆಯಿಂದ ಬರುವ ಕಾರಿಗೆ ನೀವು ಬಲದಲ್ಲಿದ್ದೀರಿ, ಹಾಗಾಗಿ ಅವರು ನಿಲ್ಲಬೇಕು. ಆದರೆ ಒನ್‌ವೇ ಅಂತ ಅವರ ಕಣ್ಣು ಕಾರು ಬರುವ ಎಡಕ್ಕೇ ಇರುತ್ತೆ. ಹಕ್ಕು ನಿಮ್ಮದೇ ಆದರೂ ಬ್ರೇಕ್ ಮೇಲೆ ಬೆರಳಿರಲಿ. ನಿಮ್ಮ ಬಲದಿಂದ ಬರುವವರಿಗೆ ನೀವು ನಿಲ್ಲಬೇಕು. ನಡೆಯುವವರೂ ಒಂದೇ ಕಡೆ ನೋಡಿ ರಸ್ತೆಗೆ ಇಳಿಯುತ್ತಾರೆ, ಬೆಲ್ ಇರುವುದು ಅದಕ್ಕೇ.

ಬೇರೆ ದೇಶಕ್ಕೆ ಹೋದರೆ ಕಾನೂನು ಸ್ವಲ್ಪ ಬದಲಾಗುತ್ತೆ. ಫ್ರಾನ್ಸ್‌ನಲ್ಲಿ 2008ರ ಆದೇಶದ ಪ್ರಕಾರ 30 ಕಿ.ಮೀ. ವಲಯದ ಒನ್‌ವೇಗಳು ಸೈಕಲ್‌ಗೆ ಎರಡೂ ಕಡೆ ತೆರೆದಿರಬೇಕು, ಬೇಡ ಅಂತ ಅಧಿಕಾರಿಗಳು ತೀರ್ಮಾನಿಸಿದ ಕಡೆ ಮಾತ್ರ ಇಲ್ಲ. ಲಂಡನ್‌ನಲ್ಲಿ ನೋ ಎಂಟ್ರಿ ಕೆಳಗೆ ‘ಎಕ್ಸೆಪ್ಟ್ ಸೈಕಲ್ಸ್’ ಅಂತ ಫಲಕ ಇರುತ್ತೆ, ಅಲ್ಲಿ ಮಾತ್ರ ನಮ್ಮೂರಿನ ಹಾಗೆ ಎಡಪಕ್ಕ.