"ಯಾರಿಗೂ ಗೊತ್ತಿಲ್ಲದ ಜಾಗ ಹೇಳ್ರಿ" ಅಂತ ಕೇಳಾವ್ರಿಗೆ, ಒಂದ ಸಲ ಪೂರಾ ಉತ್ತರ

ಪ್ರಶ್ನೆ: "ಅಣ್ಣಾರ, ನಮ್ಮದೂ ಗದಗನ. ನಮ್ಮೂರಿನ ಮ್ಯಾಲೆ ಟ್ರಾವೆಲ್ ವಿಡಿಯೋ ಶುರು ಮಾಡಬೇಕಂತ ಮಾಡೀನಿ. ಆದ್ರ ಲಕ್ಕುಂಡಿ, ತ್ರಿಕೂಟೇಶ್ವರ ಎಲ್ಲಾರೂ ಮಾಡಿ ಮುಗಿಸ್ಯಾರ. ಯಾರಿಗೂ ಗೊತ್ತಿಲ್ಲದ ಜಾಗ ಒಂದ್ ನಾಕೈದು ಇದ್ರ ಹೇಳ್ರಿ."

ಇದಕ್ಕ ನಾ ಫೋನಿನ್ಯಾಗ ಉತ್ತರ ಹೇಳೀನಿ, ವಾಟ್ಸಾಪಿನ್ಯಾಗ ಉದ್ದುದ್ದ ವಾಯ್ಸ್ ಕಳಿಸೀನಿ, ಮದುವಿ ಮನ್ಯಾಗ ಊಟಕ್ಕ ಕುಂತಾಗ ಬಾಜೂ ಎಲಿಯವರಿಗೂ ಹೇಳೀನಿ. ಇನ್ನ ಯಾರ್ ಕೇಳಿದ್ರೂ ಇದನ್ನ ಕಳಿಸಿದ್ರಾತು ಅಂತ ಇವತ್ತ ಕುಂತು ಬರಿಯಾಕತ್ತೀನಿ.

ಚುಟುಕ ಉತ್ತರ ಏನಂದ್ರ, ಅಂಥಾ ಜಾಗ ಇಲ್ಲ, ನಿಮಗ ಬೇಕಾಗೂ ಇಲ್ಲ. ಎಲ್ಲಾರೂ ಮಾಡಿ ಮುಗಿಸ್ಯಾರ ಅಂದ್ರೆಲ್ಲ, ಆ ಲಕ್ಕುಂಡೀನ ಮಾಡ್ರಿ. ಆದ್ರ ಊರಾಂವ ಮಾಡಿದಂಗ ಮಾಡ್ರಿ.

ಈಗ ಆ "ಯಾರಿಗೂ ಗೊತ್ತಿಲ್ಲ" ಅನ್ನೂ ಮಾತಿಗೆ ಬರೂಣು, ಯಾಕಂದ್ರ ಇದೊಂದು ತಲ್ಯಾಗ ಕುಂತಿರೂ ತನಕ ನಿಮ್ಮ ವಿಡಿಯೋ ಛಲೋ ಆಗಂಗಿಲ್ಲ. ಹೋದ ವರ್ಷ ಒಬ್ಬ ಹುಡುಗ ನನಗ ಒಂದ್ ವಿಡಿಯೋ ಕಳಿಸಿದ್ದ, ಹೆಸರು "ಯಾರಿಗೂ ಗೊತ್ತಿಲ್ಲದ ಗುಪ್ತ ಬಾವಿ". ತಗದು ನೋಡಿದ್ರ ಲಕ್ಕುಂಡಿ ಮಣಿಕೇಶ್ವರ ಗುಡಿ ಹತ್ರ ಇರೂ ಮುಸುಕಿನ ಬಾವಿ! ಹುಡುಗ ಕ್ಯಾಮೆರಾ ಮುಂದ ನಿಂತು ಪಿಸುಮಾತಿನ್ಯಾಗ ಹೇಳಾಕತ್ತಾನ, ಅವನ ಹಿಂದ ಪುರಾತತ್ವ ಇಲಾಖೆ ಬೋರ್ಡು ಅಷ್ಟು ಚಂದ ಓದಾಕ ಬರತೈತಿ. ಬೋರ್ಡಿನ ಬಾಜೂಕ ಇಬ್ಬರು ಅಜ್ಜಾರು ನೆಳ್ಳಿಗೆ ಕುಂತಾರ. ಆ ಅಜ್ಜಾರಿಗೆ ಆ ಬಾವಿ ಗೊತ್ತಿಲ್ಲೇನು? ಅವರು ಸಣ್ಣವರಿದ್ದಾಗಿಂದ ಅಲ್ಲೇ ಆಡಿ ಬೆಳೆದಾವ್ರು. ಹುಡುಗ ತಿರುಗಿ ಅವರನ್ನ "ಅಜ್ಜಾರ, ನೀವು ಸಣ್ಣವರಿದ್ದಾಗ ಈ ಬಾವ್ಯಾಗ ನೀರು ಎಲ್ಲೀತನಕ ಬರ್ತಿತ್ರಿ?" ಅಂತ ಒಂದ ಮಾತು ಕೇಳಿದ್ರ ಸಾಕಿತ್ತು, ಆ ವಿಡಿಯೋ ಬೇರೇನ ಆಗ್ತಿತ್ತು. ಅವರನ್ನ ಕೇಳದನ "ಯಾರಿಗೂ ಗೊತ್ತಿಲ್ಲ" ಅಂದುಬಿಟ್ಟ. ನನಗ ಸಿಟ್ಟು ಬರೂದು ಇಲ್ಲೇ. ಯಾರಿಗೂ ಗೊತ್ತಿಲ್ಲ ಅಂದ್ರ ಆ ಊರಾಗ ಇದ್ದ ಮಂದೀನ್ನ ಲೆಕ್ಕಕ್ಕ ಹಿಡೀಲಿಲ್ಲ ಅಂತ ಅರ್ಥ. ಹೊರಗಿನಾಂವ ಅಂದ್ರ ಅಂದ, ಆದ್ರ ಈ ಹುಡುಗ ನಮ್ಮ ಗದಗಿನಾಂವ.

ಕಪ್ಪತಗುಡ್ಡದ ಕತೀನೂ ಇದ. "ಉತ್ತರ ಕರ್ನಾಟಕದ ಗುಪ್ತ ಸ್ವರ್ಗ" ಅಂತ ಎಷ್ಟ್ ವಿಡಿಯೋ ಬಂದಾವ. ಗುಪ್ತ ಹೆಂಗ ಆಗತೈತ್ರಿ ಅದು? ಔಷಧಿ ಗಿಡಕ್ಕ ಹೆಸರಾದ ಗುಡ್ಡ, ಗಣಿ ಮಾಡೂರ ಕಣ್ಣು ಬಿದ್ದಾಗ ಗದಗಿನ ಮಂದಿ ಬೀದಿಗೆ ಇಳಿದು ಉಳಿಸಿಕೊಂಡ ಗುಡ್ಡ, ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಗಿ, ಅದನ್ನ ವಾಪಸ್ ತಗೊಂಡು, ಮತ್ತ ಹೋರಾಟ ಆಗಿ, ಮತ್ತ ಘೋಷಣೆ ಆಗಿ, ಕಡೀಗೆ 2019ರಾಗ ವನ್ಯಜೀವಿ ಧಾಮ ಆತು. ಇಷ್ಟೆಲ್ಲ ಆಗಿದ್ದು ಆ ಗುಡ್ಡ ಎಲ್ಲಾರಿಗೂ ಗೊತ್ತಿದ್ದಕ್ಕ, ಎಲ್ಲಾರೂ ನಮ್ಮದು ಅಂದಿದ್ದಕ್ಕ. ಗುಪ್ತ ಅಂದ ಕೂಡಲೇ ಆ ಪೂರಾ ಕತಿ ಹೋತು, ಉಳಿದಿದ್ದು ಮಂಜು ಮತ್ತ ಹಿಂದಿನ ಮ್ಯೂಸಿಕ್.

ಇನ್ನೊಂದು, ಖರೇನ ಯಾರೂ ಹೋಗದ ಜಾಗ ಇದ್ರ ಅದಕ್ಕ ಕಾರಣ ಇರತೈತಿ. ಯಾರದರ ಹೊಲ ಇರ್ತೈತಿ, ಹಾಳಬಿದ್ದ ಕಲ್ಲಿನ ಕ್ವಾರಿ ಇರ್ತೈತಿ, ಮಳಿಗಾಲದಾಗ ಕಾಲು ಜಾರೂ ಹಳ್ಳ ಇರ್ತೈತಿ, ಇಲ್ಲಾ ಅರಣ್ಯ ಇಲಾಖೆ ಪರ್ಮಿಷನ್ ಇಲ್ಲದ ಹೋಗಬಾರದ ಜಾಗ ಇರ್ತೈತಿ. ನೀವು ಲೊಕೇಶನ್ ಹಾಕಿದ ಮರುದಿನ ಅಲ್ಲೆ ಇಪ್ಪತ್ತು ಬೈಕ್ ನಿಂತಿರ್ತಾವ. ಮುಂದ ಏನಾದ್ರೂ ಆದ್ರ ಅದನ್ನ ಅನುಭವಿಸಾವ್ರು ಆ ಹಳ್ಳಿಯವರು.

ಮೂರನೇದು, ನೋಡಾವ್ರಿಗೆ ಗುಪ್ತ ಜಾಗ ಬೇಕಾಗೇ ಇಲ್ಲ. ಯಾವುದರ ಲಕ್ಕುಂಡಿ ವಿಡಿಯೋದ ಕಾಮೆಂಟ್ ತಗದು ಓದ್ರಿ. ಗದಗಿಂದ ಬಸ್ ಐತೇನ್ರಿ? ಗುಡಿ ಎಷ್ಟಕ್ಕ ಮುಚ್ಚತಾರ? ಹೆಣ್ಮಕ್ಕಳಿಗೆ ಶೌಚಾಲಯ ಐತಿ? ಮೊಣಕಾಲ ನೋವಿರೂ ನಮ್ಮವ್ವನ್ನ ಕರ್ಕೊಂಡು ಬರಬಹುದಾ? ಇವಕ್ಕ ಯಾವ ಡ್ರೋನ್ ಶಾಟಿನ್ಯಾಗೂ ಉತ್ತರ ಸಿಗಂಗಿಲ್ಲ, ಗದಗಿನ ಹುಡುಗಗ ಮಾತ್ರ ಬಾಯಿಪಾಠ ಇರತೈತಿ. ಕೊಪ್ಪಳದ ಕಡೆ ಹೋಗೂ ಬಸ್ ಹತ್ತಿದ್ರ ಲಕ್ಕುಂಡಿ 12 ಕಿಲೋಮೀಟರ್, ಕಂಡಕ್ಟರ್‌ಗೆ ಮೊದಲ ಹೇಳಿ ಹತ್ತಬೇಕು ಅನ್ನೂದು ನಮಗ ಮಾತ ಅಲ್ಲ, ಹೊಸಬರಿಗೆ ಅದ ದೊಡ್ಡದು.

ಹಂಗಾರ ಊರಾಂವ ಮಾಡಿದಂಗ ಅಂದ್ರೇನು? ಹೊರಗಿಂದ ಬಂದಾಂವಗ ಒಂದ ದಿನ ಇರತೈತಿ. ಮೋಡ ಆದ್ರ ಮೋಡದಾಗ, ಗುಡಿ ಮುಚ್ಚಿದ್ರ ಬಾಗಲದ ಮುಂದ ನಿಂತು ಶೂಟ್ ಮಾಡ್ಕೊಂಡು ಹೋಗ್ತಾನ. ನೀವು ನಾಳೆ ಮತ್ತ ಹೋಗಬಹುದು. ಇದರಷ್ಟು ದೊಡ್ಡ ಅನುಕೂಲ ಯಾವ ಕ್ಯಾಮೆರಾನೂ ಕೊಡೂದಿಲ್ಲ.

ಮಾಗಡಿ ಕೆರೀನ ತಗೋರಿ. ಶಿರಹಟ್ಟಿ ತಾಲೂಕಿನ ಕೆರಿ, 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ, ಜೌಗು ಜಾಗಗಳ ಪಟ್ಟಿಗೆ ಸೇರೇತಿ. ಚಳಿಗಾಲಕ್ಕ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರ್ತಾವ. ಹೊರಗಿನವರು ಬರೂದು ಹನ್ನೊಂದು ಗಂಟೇಕ, ಬಿಸಲಾಗ ನೀರಿನ ನಟ್ಟನಡುವ ಕರೀ ಚುಕ್ಕಿ ಕಂಡಂಗ ಕಾಣ್ತಾವ, ಝೂಮ್ ಮಾಡಿ ನಡುಗೂ ವಿಡಿಯೋ ತಗದು ಹೋಗ್ತಾರ. ಆದ್ರ ಈ ಹಕ್ಕಿ ರಾತ್ರಿ ಹೊಲಕ್ಕ ಮೇಯಾಕ ಹೋಗಿ ಮುಂಜಾನೆ ಕೆರೀಗೆ ಹೊಳ್ಳಿ ಬರ್ತಾವ. ನಸುಕಿನ್ಯಾಗ ದಂಡೀ ಮ್ಯಾಲೆ ಸುಮ್ಮನ ಕುಂತ್ರಿ ಅಂದ್ರ ಮೊದಲ ದನಿ ಬರತೈತಿ, ಆಮ್ಯಾಲೆ ತಲಿ ಮ್ಯಾಲೆ ಒಂದ್ ಸಾಲು, ಅದರ ಹಿಂದ ಇನ್ನೊಂದ್ ಸಾಲು, ರೆಕ್ಕಿ ಬಡಿಯೂ ಸಪ್ಪಳ ಕಿವಿಗೆ ಕೇಳೂವಷ್ಟು ಕೆಳಗ. ಒಂದ್ ಸಲ ನವೆಂಬರ್‌ದಾಗ ಹೋಗ್ರಿ, ಒಂದ್ ಸಲ ಜನವರ್ಯಾಗ ಹೋಗ್ರಿ, ಹಕ್ಕಿ ಹೋದ ಮ್ಯಾಲೆ ಏಪ್ರಿಲ್‌ದಾಗ ಖಾಲಿ ಕೆರೀನೂ ತಗೀರಿ. ಆ ಮೂರೂ ಕೂಡಿಸಿದ್ರ ಅದು ನಿಮ್ಮ ವಿಡಿಯೋ. ಬೆಳಿ ಮೇದು ಹೋಗೂ ಹಕ್ಕಿ ಬಗ್ಗೆ ಆ ಹೊಲದ ರೈತ ಏನಂತಾನ ಅನ್ನೂದು ಒಂದೆರಡು ಮಾತು ಸೇರಿಸ್ರಿ.

ಗುಡಿ ಅಂದ್ರೂ ಹಂಗ. ಲಕ್ಕುಂಡಿಯ ಜೈನ ಗುಡಿ ಬ್ರಹ್ಮ ಜಿನಾಲಯ ತೋರಿಸಿ "ಅದ್ಭುತ ಶಿಲ್ಪಕಲೆ" ಅಂದು ಮುಂದ ಹೋಗಬ್ಯಾಡ್ರಿ. ಅದನ್ನ 1007ರಾಗ ಕಟ್ಟಿಸಿದಾಕಿ ಅತ್ತಿಮಬ್ಬೆ, ದಾನಚಿಂತಾಮಣಿ. ಸಾವಿರ ವರ್ಷದ ಹಿಂದ ಒಬ್ಬ ಹೆಣ್ಮಗಳು ಕಟ್ಟಿಸಿದ್ದು ಅಂತ ಹೇಳಿ ಆಮ್ಯಾಲೆ ಕಂಬ ತೋರಿಸ್ರಿ, ನೋಡೂ ಕಣ್ಣ ಬದಲಾಗತೈತಿ. ವೀರನಾರಾಯಣ ಗುಡ್ಯಾಗ ಕುಮಾರವ್ಯಾಸ ಒರಗಿ ಕುಂತಿದ್ದ ಅನ್ನೂ ಕಂಬದ ಫೋಟೋ ಎಲ್ಲಾರ ಹತ್ರಾನೂ ಐತಿ. ಅವ ಒದ್ದಿ ಪಂಚೆ ಉಟ್ಟು ಬಂದು, ಅದು ಆರೂ ತನಕ ಅಷ್ಟ ಭಾರತ ಹೇಳ್ತಿದ್ದ ಅಂತ ನಮ್ಮ ಅಜ್ಜಿ ಹೇಳಿದ್ದು, ನಿಮ್ಮ ಅಜ್ಜೀನೂ ಹೇಳಿರ್ತಾಳ. ಆ ಕಂಬದ ಮುಂದ ಅಜ್ಜೀನ್ನ ಕುಂಡ್ರಿಸಿ ಆಕಿ ಬಾಯಾಗ ಹೇಳಸ್ರಿ. ಡಂಬಳದ ದೊಡ್ಡಬಸಪ್ಪನ ಗುಡಿ ನಕ್ಷತ್ರದ ಆಕಾರ, ಹೊರಗಿನ ಗ್ವಾಡಿ ಸುತ್ತ ಒಂದೊಂದ ಮೂಲಿ ಎಣಿಸ್ಕೋತ ನಡೀರಿ, ಎಣಿಸೂದನ್ನ ಕಟ್ ಮಾಡದ ಹಂಗ ಬಿಡ್ರಿ. ಕಣಗಿನಹಾಳಕ್ಕ ಹೋಗ್ರಿ, 1905ರಾಗ ದೇಶದ ಮೊದಲ ಕೃಷಿ ಸಹಕಾರಿ ಸಂಘ ಶುರುವಾದ ಊರು. ಅಲ್ಲೆ ಜಲಪಾತ ಇಲ್ಲ, ಆದ್ರ ಸಾಲಕ್ಕ ಹೆದರಿ ಬದುಕೂ ರೈತನ ಮನಿಯವರಿಗೆ ಆ ಊರಿನ ಕತಿ ಹೇಳಿ ನೋಡ್ರಿ, ಯಾರ್ ಕೇಳಂಗಿಲ್ಲ ಅಂತೀರಿ.

ಊಟದ ವಿಷಯಕ್ಕ "ಸೂಪರ್ ಟೇಸ್ಟ್" ಅಂತ ಹೆಬ್ಬೆಟ್ಟು ತೋರಿಸೂದು ಬ್ಯಾಡ. ಸಂಜಿಮುಂದ ಗಿರ್ಮಿಟ್ ಬಂಡಿ ಹತ್ರ ನಿಂತು ಆ ಕೈ ನೋಡ್ರಿ. ದೊಡ್ಡ ಬೋಗಾಣ್ಯಾಗ ಚುರಮರಿ ಸುರುವಿ, ಮೊದಲ ಮಾಡಿಟ್ಟ ಉಳ್ಳಾಗಡ್ಡಿ ಹುಣಸಿಹುಳಿ ಒಗ್ಗರಣಿ ಒಂದ್ ಸೌಟು ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ತಳದಿಂದ ಎತ್ತಿ ಎತ್ತಿ ಕಲಸ್ತಾರ, ಮ್ಯಾಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಬಾಜೂಕ ಎಣ್ಣ್ಯಾಗಿಂದ ಆಗಷ್ಟ ತಗದ ಮಿರ್ಚಿ. ಚುರಮರಿ ಮೆತ್ತಗ ಆಗೂದ್ರೊಳಗ ತಿನ್ನಬೇಕು, ಅದಕ್ಕ ಮೊದಲ ತಿನ್ರಿ, ಆಮ್ಯಾಲೆ ಇನ್ನೊಂದ್ ಪ್ಲೇಟ್ ತಗೊಂಡು ಶೂಟ್ ಮಾಡ್ರಿ. ಮತ್ತ ಬಂಡಿಯವರನ್ನ ಕೇಳಿ ಕ್ಯಾಮೆರಾ ತಗೀರಿ. ಪುರಾತತ್ವ ಇಲಾಖೆ ಗುಡಿಗಳಾಗ ಟ್ರೈಪಾಡ್ ಹಚ್ಚಬೇಕಂದ್ರ, ಡ್ರೋನ್ ಹಾರಿಸಬೇಕಂದ್ರ ಮೊದಲ ಪರ್ಮಿಷನ್ ತಗೋರಿ, ಕಾವಲುಗಾರರ ಜೋಡಿ ಜಗಳಾ ಮಾಡಿ ಅದನ್ನೂ ವಿಡಿಯೋ ಮಾಡಾಕ ಹೋಗಬ್ಯಾಡ್ರಿ, ನಾಳೆ ನೀವು ಅಲ್ಲೇ ಹೋಗಾವ್ರು.

ಇಲ್ಲೀಗೆ ನೀವು ಕೇಳಿದ್ದಕ್ಕ ಉತ್ತರ ಮುಗೀತು. ಆದ್ರ ಒಂದು ಯಾರೂ ಕೇಳದ ವಿಷಯ ಐತಿ, ಹೇಳದ ಇದ್ರ ನನಗ ಸಮಾಧಾನ ಇಲ್ಲ. ಫೋನಿನ್ಯಾಗ "ಅಣ್ಣಾರ, ಹೆಂಗದೀರಿ" ಅನ್ನೂ ಹುಡುಗ ಕ್ಯಾಮೆರಾ ಆನ್ ಆದ ಕೂಡಲೇ "ನಮಸ್ಕಾರ ವೀಕ್ಷಕರೇ, ನಾವೀಗ ಹೋಗ್ತಾ ಇದ್ದೀವಿ" ಅಂತ ಯಾಕ ಬೆಂಗಳೂರಾಗ ಹುಟ್ಟಿದಾವನ್ನಂಗ ಆಗ್ತಾನ? ಬೆಂಗಳೂರಿನವರ ಮಾತು ಅವರಿಗೆ ಚಂದ, ಅದರಾಗ ತಪ್ಪಿಲ್ಲ. ಆದ್ರ ನಮ್ಮ ಮಾತು ಯಾವುದರಕಿಂತ ಕಡಿಮಿ ಅಂತ ನಿಮಗ ಯಾರ್ ಹೇಳಿದ್ರು? ನಮ್ಮ ಲಕ್ಷ್ಮೇಶ್ವರ ಐತೆಲ್ಲ, ಅದ ಹಳೇ ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲೈತಿ ಅಂತ ಹೇಳೂ ಮುಂದ ಹೆಸರು ಹಿಡಿದು ಹೇಳಿದ್ದು ನಾಕ ಊರು, ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಕಡೆ ಒಕ್ಕುಂದ, ಎಲ್ಲಾ ನಮ್ಮ ಸೀಮಿ. ಪಂಪ ತಾ ಬರದದ್ದು ಪುಲಿಗೆರೆಯ ತಿರುಳ್ಗನ್ನಡದಾಗ ಅಂದ. ಸಾವಿರ ವರ್ಷದಾಗ ಮಾತು ಎಷ್ಟೋ ಬದಲಾಗೇತಿ ಖರೆ, ಆದ್ರ ಆ ನೆಲದಾಗ ನಿಂತು "ಬರ್ರಿ, ನೋಡೂಣು" ಅನ್ನಾಕ ನಾಚಿಕಿ ಯಾಕ?

"ಆ ಕಡೆ ಮಂದಿಗೆ ತಿಳಿಯಂಗಿಲ್ಲ" ಅಂತಾರ ಕೆಲವರು. ತಿಳೀಲಿಲ್ಲಂದ್ರ ಕೇಳ್ತಾರ. ನಾ ಮಾಗಡಿ ಕೆರಿ ವಿಡಿಯೋದಾಗ "ಹಕ್ಕಿ ಮುಂಜಾನೆ ಹೊಳ್ಳಿ ಬರ್ತಾವ" ಅಂದಿದ್ದಕ್ಕ ಮಂಡ್ಯದ ಒಬ್ಬ ತಾಯಿ ಕೆಳಗ ಬರದಿದ್ರು, "ಹೊಳ್ಳಿ ಅಂದ್ರೆ ಏನಪ್ಪಾ?" ಅಂತ. ವಾಪಸ್ ಅಂತ ಅರ್ಥ ರೀ ಅಮ್ಮಾ ಅಂದೆ. ಎರಡು ತಿಂಗಳ ಬಿಟ್ಟು ಅವರು ಮನಿಮಂದಿ ಎಲ್ಲಾ ಕರ್ಕೊಂಡು ಕೆರೀಗೆ ಬಂದು ಹೋದ್ರು. ಊರು ಮುಟ್ಟಿದ ಮ್ಯಾಲೆ ಒಂದ್ ಮೆಸೇಜ್ ಹಾಕಿದ್ರು, "ಸುಖವಾಗಿ ಹೊಳ್ಳಿ ಬಂದ್ವಿ."